ಮಾಹೆ: ನದೀಮುಖದ ಫ್ರೆಂಚ್ ಪಟ್ಟಣ, ದೆಹಲಿಯ ಸಹಿ

ಕೇರಳದ ಕಣ್ಣೂರು ಜಿಲ್ಲೆಗೆ ಅಂಟಿಕೊಂಡಿದ್ದರೂ ಮಾಹೆ ಪುದುಚೇರಿ ಕೇಂದ್ರಾಡಳಿತ ಪ್ರದೇಶದ ಭಾಗ. ಮಯ್ಯಳಿ ನದಿ ಅರಬ್ಬೀ ಸಮುದ್ರ ಸೇರುವಲ್ಲಿರುವ ಈ ಪಟ್ಟಣದ ವಿಸ್ತೀರ್ಣ ಸುಮಾರು 9 ಚದರ ಕಿ.ಮೀ. 1720ರ ದಶಕದಲ್ಲಿ ಕಾಳುಮೆಣಸಿಗಾಗಿ ಫ್ರೆಂಚರು ಇಲ್ಲಿ ನೆಲೆಯೂರಿದರು.

ಕರ್ನಾಟಕದ ಅಭ್ಯರ್ಥಿಗಳು ಮರೆಯಬಾರದ ವರ್ಷ 1779. ಹೈದರಾಲಿಗೆ ಫ್ರೆಂಚ್ ಮದ್ದುಗುಂಡು ತಲುಪುತ್ತಿದ್ದುದು ಈ ಬಂದರಿನಿಂದ. ಬ್ರಿಟಿಷರು ಅದನ್ನು ವಶಪಡಿಸಿಕೊಂಡದ್ದೇ ಎರಡನೇ ಮೈಸೂರು ಯುದ್ಧದ ಮುಖ್ಯ ಕಾರಣಗಳಲ್ಲೊಂದು.

1954ರ ಜುಲೈ 16ರಂದು, ಐ.ಕೆ. ಕುಮಾರನ್ ನೇತೃತ್ವದ ಹೋರಾಟದ ಫಲವಾಗಿ ಫ್ರೆಂಚರು ಹೊರಟರು. ಕಾಗದಪತ್ರ ಮುಗಿದದ್ದು ಮಾತ್ರ ನಿಧಾನ. ಅಕ್ಟೋಬರ್ 21ರಂದು ನವದೆಹಲಿಯಲ್ಲಿ ಒಪ್ಪಂದ, ನವೆಂಬರ್ 1ರಿಂದ ಭಾರತದ ಆಡಳಿತ. 1956ರ ಮೇ 28ರಂದು ಮತ್ತೆ ದೆಹಲಿಯಲ್ಲೇ ಹಸ್ತಾಂತರ ಒಪ್ಪಂದಕ್ಕೆ ಸಹಿ. ಕಾನೂನುಬದ್ಧ ವಿಲೀನ 1962ರ ಆಗಸ್ಟ್ 16ರಂದು. ಪ್ರಶ್ನೆಪತ್ರಿಕೆಗಳು ಎಡವಿಸುವುದು 1954 ಮತ್ತು 1962ರ ನಡುವೆಯೇ. ಚುನಾಯಿತ ಪ್ರತಿನಿಧಿಗಳು ಬದಲಿಸುವವರೆಗೆ ಫ್ರೆಂಚ್ ಅಧಿಕೃತ ಭಾಷೆಯಾಗಿರಬೇಕೆಂದು 1956ರ ಒಪ್ಪಂದ ಹೇಳಿತ್ತು. ಊರಿನ ಮಾತು ಮಾತ್ರ ಮಲಯಾಳಂ.

2011ರ ಜನಗಣತಿ: ಜನಸಂಖ್ಯೆ 41,816, 1000 ಪುರುಷರಿಗೆ 1184 ಮಹಿಳೆಯರು. ಹೈಕೋರ್ಟ್ ವ್ಯಾಪ್ತಿ ಕೇರಳದ್ದಲ್ಲ, ಮದ್ರಾಸಿನದು.