ನೀರಿನ ಗಿರಣಿಯ ಕಂತುಗಳನ್ನು ಓಡಿಸಬೇಡ

ಪುಟ್ಟ,

‘ಮೊರಿಬಿಟೊ’ ನೋಡಿ ಮುಗಿಸಿದೆ ಅಂತ ಮೆಸೇಜು ಹಾಕಿದ್ದೀಯ. ಮೂರನೇ ಕಂತಿನ ಹೊಡೆದಾಟ ಅದ್ಭುತ, ಆಮೇಲೆ ಕಥೆ ನಿಂತೇ ಹೋಯಿತು, ನಡುವಿನ ಕಂತುಗಳನ್ನು ಒಂದೂವರೆ ಸ್ಪೀಡಿನಲ್ಲಿ ಓಡಿಸಿದೆ, ಹತ್ತಕ್ಕೆ ಆರು ಅಂಕ. ಇಷ್ಟು ನಿನ್ನ ತೀರ್ಪು. ನಾನು ಈಚೆಗೆ ಅದನ್ನು ಎರಡನೇ ಸಲ ನೋಡಿದೆ. ನೀನು ಓಡಿಸಿದ ಆ ಕಂತುಗಳ ವಿಷಯವನ್ನೇ ನಿನ್ನ ಹತ್ತಿರ ಮಾತಾಡಬೇಕು. ನಿನ್ನ ಹಾಗೆ ನೋಡುವ ಹುಡುಗರು, ಹುಡುಗಿಯರು ಇನ್ನೂ ಬಹಳ ಜನ ಇದ್ದಾರೆ. ಅದಕ್ಕೇ ಈ ಪತ್ರವನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ.

ನೋಡದವರಿಗಾಗಿ ಎರಡು ಮಾತು. ಇದರ ಮೂಲ ನಹೊಕೊ ಉಎಹಾಶಿ 1996ರಲ್ಲಿ ಪ್ರಕಟಿಸಿದ ಕಾದಂಬರಿ. ಕೆಂಜಿ ಕಾಮಿಯಾಮಾ ನಿರ್ದೇಶನದಲ್ಲಿ ಪ್ರೊಡಕ್ಷನ್ ಐ.ಜಿ. ಸ್ಟುಡಿಯೊ 2007ರಲ್ಲಿ ಅದನ್ನು 26 ಕಂತುಗಳ ಅನಿಮೆ ಮಾಡಿತು. ಹೊಸ ಯೊಗೊ ಎಂಬ ಕಲ್ಪಿತ ಸಾಮ್ರಾಜ್ಯದ ಎರಡನೇ ರಾಜಕುಮಾರ ಚಾಗುಮ್. ಆ ಹುಡುಗನ ಮೈಯೊಳಗೆ ನೀರಿನ ದೈವವೊಂದರ ಮೊಟ್ಟೆ ಸೇರಿಕೊಂಡಿದೆ. ವಂಶಕ್ಕೆ ಕಳಂಕ ತಟ್ಟಬಾರದು ಎಂದು ಅವನ ತಂದೆ, ದೇಶದ ದೊರೆ ಮಿಕಾಡೊ, ಮಗನನ್ನು ಗುಟ್ಟಾಗಿ ಕೊಲ್ಲಿಸಲು ಹೊರಟಿದ್ದಾನೆ. ತಾಯಿ ಮಗನನ್ನು ಬಾಲ್ಸಾ ಎಂಬ ಈಟಿಗಾರ್ತಿಯ ಕೈಗೆ ಒಪ್ಪಿಸುತ್ತಾಳೆ. ಬಾಲ್ಸಾಗೆ ಮೂವತ್ತು ವರ್ಷ, ಕೂಲಿಗೆ ಕಾವಲು ಕಾಯುವುದು ಕಸುಬು. ಮುಂದಿನ ಮಾತುಗಳಲ್ಲಿ ಕಥೆಯ ಕೊನೆಯೂ ಬರುತ್ತದೆ, ಬೇಡವೆನ್ನುವವರು ಇಲ್ಲಿಗೇ ನಿಲ್ಲಿಸಿ.

ಮೊದಲ ಸಲ ನೋಡುವಾಗ ನಮ್ಮನ್ನು ಎಳೆದುಕೊಂಡು ಹೋಗುವುದು ಒಂದೇ ಪ್ರಶ್ನೆ: ಹುಡುಗ ಉಳಿಯುತ್ತಾನೋ ಇಲ್ಲವೋ? ಆ ಪ್ರಶ್ನೆಗೆ ಉತ್ತರ ಕೊಡದ ದೃಶ್ಯವೆಲ್ಲ ಕಾಲಹರಣ ಅನ್ನಿಸುತ್ತದೆ. ಎರಡನೇ ಸಲ ಉತ್ತರ ಗೊತ್ತಿರುತ್ತದೆ, ಆತಂಕ ಇರುವುದಿಲ್ಲ. ಆಗ ಕಣ್ಣು ಬೇರೆ ಕಡೆ ಓಡಾಡಲು ಶುರುವಾಗುತ್ತದೆ.

ಮೊದಲ ಕಂತನ್ನೇ ತೆಗೆದುಕೋ. ಸೇತುವೆಯಿಂದ ಹೊಳೆಗೆ ಬಿದ್ದ ಚಾಗುಮ್‌ನನ್ನು ಬಾಲ್ಸಾ ಹಾರಿ ಉಳಿಸುತ್ತಾಳೆ. ರಾತ್ರಿ ರಾಣಿ ಅವಳನ್ನು ಕರೆಸಿ ಗುಟ್ಟು ಹೇಳಿ, ಮಗನನ್ನು ಕರೆದುಕೊಂಡು ಹೋಗು ಎಂದು ಬೇಡಿಕೊಳ್ಳುತ್ತಾಳೆ. ಆ ಗುಟ್ಟು ಕಿವಿಗೆ ಬಿದ್ದ ಗಳಿಗೆಯಲ್ಲೇ ಬಾಲ್ಸಾ ಸಿಕ್ಕಿಬಿದ್ದಾಯಿತು, ಒಪ್ಪದಿದ್ದರೂ ಅವಳನ್ನು ಜೀವಸಹಿತ ಬಿಡುವವರಿಲ್ಲ. ಮೊದಲ ನೋಟಕ್ಕೆ ಅವಳು ಒಪ್ಪಿದ್ದು ಇಕ್ಕಟ್ಟಿನಿಂದ ಅನ್ನಿಸುತ್ತದೆ, ಅಥವಾ ಕಥಾನಾಯಕಿ ಅಂದಮೇಲೆ ಒಪ್ಪಲೇಬೇಕಲ್ಲ ಅನ್ನಿಸುತ್ತದೆ. ಇಪ್ಪತ್ತು, ಇಪ್ಪತ್ತೊಂದನೇ ಕಂತುಗಳಲ್ಲಿ ಅವಳ ಬಾಲ್ಯ ಬಿಚ್ಚಿಕೊಳ್ಳುತ್ತದೆ. ಕನ್‌ಬಾಲ್ ದೇಶದ ರಾಜವೈದ್ಯನ ಮಗಳು ಅವಳು. ಅರಮನೆಯ ಸಂಚಿಗೆ ಸಿಕ್ಕಿದ ತಂದೆ ಆರು ವರ್ಷದ ಮಗಳನ್ನು ಗೆಳೆಯ ಜಿಗುರೊನ ಕೈಗೆ ಹಾಕಿ ಓಡಿಸಿಬಿಟ್ಟಿದ್ದ. ಆ ಮಗುವಿಗಾಗಿ ಜಿಗುರೊ, ಬೆನ್ನಟ್ಟಿ ಬಂದ ತನ್ನದೇ ಎಂಟು ಗೆಳೆಯರನ್ನು ಕೊಂದ. ಆ ಎಂಟು ಜೀವದ ಲೆಕ್ಕಕ್ಕೆ ಎಂಟು ಜೀವ ಉಳಿಸುತ್ತೇನೆ ಎಂಬ ಹರಕೆ ಹೊತ್ತು ಬದುಕುತ್ತಿರುವವಳು ಬಾಲ್ಸಾ. ಇಷ್ಟು ತಿಳಿದುಕೊಂಡು ಮತ್ತೆ ಮೊದಲ ಕಂತು ಹಾಕಿ ನೋಡು, ಪುಟ್ಟ. ರಾಣಿಯ ಎದುರು ಕೂತಿರುವುದು ಕಾವಲಿನವಳಲ್ಲ, ಪರರ ಕೈಗೆ ಹೋದ ಒಂದು ಮಗು. ನನಗೆ ಆ ದೃಶ್ಯ ಮುಗಿದ ಮೇಲೆ ಸ್ವಲ್ಪ ಹೊತ್ತು ಮುಂದೆ ನೋಡಲಾಗಲಿಲ್ಲ.

ನೀನು ಅದ್ಭುತ ಎಂದ ಮೂರನೇ ಕಂತಿನ ಹೊಡೆದಾಟಕ್ಕೂ ಇದೇ ಮಾತು. ಮಿಕಾಡೊ ಗುಟ್ಟಾಗಿ ಕಳಿಸಿದ ಬೇಟೆಗಾರರು ಕೊಲ್ಲಲು ಬಂದವರು. ಬಾಲ್ಸಾಗೆ ಕೊಲ್ಲುವಂತಿಲ್ಲ, ಹುಡುಗನನ್ನು ಬಿಡುವಂತೆಯೂ ಇಲ್ಲ. ಎರಡನೇ ಸಲ ಅವಳ ಈಟಿಯ ತುದಿಯನ್ನಷ್ಟೇ ಹಿಂಬಾಲಿಸು. ಎಲ್ಲಿ ಇರಿದು ಮುಗಿಸಬಹುದಿತ್ತೋ ಅಲ್ಲಿ ಅದು ಪಕ್ಕಕ್ಕೆ ಸರಿಯುತ್ತದೆ. ಅವಳ ಮೈಮೇಲಿನ ಗಾಯಗಳೆಲ್ಲ ಆ ಹರಕೆಗೆ ತೆತ್ತ ಬೆಲೆ.

ಈಗ ನಡುವಿನ ಕಂತುಗಳಿಗೆ ಬರೋಣ. ರಾಜಕುಮಾರ ಸತ್ತ ಎಂದು ಎಲ್ಲರನ್ನೂ ನಂಬಿಸಿದ ಮೇಲೆ ಬಾಲ್ಸಾ ಅವನನ್ನು ಕಟ್ಟಿಕೊಂಡು ಒಂದು ಹಳ್ಳಿಯ ನೀರಿನ ಗಿರಣಿಯಲ್ಲಿ ಸಂಸಾರ ಹೂಡುತ್ತಾಳೆ. ಕಾದಂಬರಿಯಲ್ಲಿ ಈ ಭಾಗಕ್ಕೆ ಇಷ್ಟು ಜಾಗವಿಲ್ಲ. ಒಂದು ಪುಸ್ತಕವನ್ನು 26 ಕಂತಿಗೆ ಹಿಗ್ಗಿಸುವಾಗ ಕಾಮಿಯಾಮಾ ಹೆಚ್ಚಿಗೆ ಸಿಕ್ಕಿದ ಸಮಯವನ್ನು ಹೊಡೆದಾಟಕ್ಕೆ ಖರ್ಚು ಮಾಡಲಿಲ್ಲ, ಈ ಗಿರಣಿಮನೆಗೆ ಕೊಟ್ಟರು. ‘ಘೋಸ್ಟ್ ಇನ್ ದಿ ಶೆಲ್: ಸ್ಟ್ಯಾಂಡ್ ಅಲೋನ್ ಕಾಂಪ್ಲೆಕ್ಸ್’ ಮಾಡಿ ಬಂದ ನಿರ್ದೇಶಕನಿಗೆ ಗುಂಡು ಹಾರಿಸುವ ದೃಶ್ಯ ಕಟ್ಟುವುದು ಕಷ್ಟವಿರಲಿಲ್ಲ. ಬೇಕೆಂದೇ ಮಾಡಿದ ಆಯ್ಕೆ ಇದು.

ಅಲ್ಲಿ ಏನಾಗುತ್ತದೆ? ಅರಮನೆಯ ಮಾತು ಬಾಯಿಂದ ಜಾರಿದರೆ ಸಿಕ್ಕಿಬೀಳಬೇಕಾದ ಹುಡುಗ ಊರಿನ ಮಾತು ಕಲಿಯುತ್ತಾನೆ. ಜೂಜಿನ ಕಟ್ಟೆಯಲ್ಲಿ ಮೋಸ ಹೇಗೆ ನಡೆಯುತ್ತದೆ ಎಂದು ನೋಡುತ್ತಾನೆ. ಬೇಸಿಗೆ ಹಬ್ಬದಲ್ಲಿ ಊರ ಹುಡುಗರ ಜೊತೆ ಕುಸ್ತಿ ಆಟಕ್ಕೆ ಇಳಿಯುತ್ತಾನೆ. ಗಿಡಮೂಲಿಕೆಯ ವೈದ್ಯ ತಾಂಡಾ ಬಂದುಹೋಗುತ್ತಾನೆ. ಈಟಿ ಹಿಡಿಯದ ಈ ಗಂಡಸು ಗಾಯ ಹೊಲಿಯುತ್ತಾನೆ, ಅಡುಗೆ ಮಾಡುತ್ತಾನೆ, ಬಾಲ್ಸಾಗಾಗಿ ಕಾಯುತ್ತಾನೆ. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಇಷ್ಟವಾದವನು ಅವನೇ. ನಿನಗೆ ಅವನ ಹೆಸರಾದರೂ ನೆನಪಿದೆಯೋ ಇಲ್ಲವೋ!

ಒಂದು ಮಗುವನ್ನು ಕಾಪಾಡುವುದು ಎಂದರೆ ಏನು ಎಂಬುದೇ ಈ ಸರಣಿಯ ವಸ್ತು. ಕತ್ತಿಯ ಏಟು ತಪ್ಪಿಸುವುದು ಒಂದು ಕ್ಷಣದ ಕೆಲಸ. ಆಮೇಲೆ ಆ ಮಗುವಿಗೆ ಊಟ, ನಿದ್ದೆ, ಗೆಳೆಯರು, ಸಿಟ್ಟು ಬಂದರೆ ಬಯ್ಯುವ ಒಬ್ಬರು, ನಾಳೆಯೂ ಇರುತ್ತೇನೆ ಎಂಬ ಭರವಸೆ ಬೇಕು. ಇದನ್ನು ಒಂದು ಹಾಡಿನ ಮಧ್ಯೆ ನಾಲ್ಕು ಚಿತ್ರ ತೋರಿಸಿ ಮುಗಿಸಬಹುದಿತ್ತು. ಹಾಗೆ ಮುಗಿಸಿದ್ದರೆ ಮುಂದೆ ಬರುವ ನೋವು ನಮಗೆ ತಟ್ಟುತ್ತಿರಲಿಲ್ಲ. ಹಿಂದಿನ ಸಲ ಈ ಮೊಟ್ಟೆ ಹೊತ್ತ ಮಗು ಬದುಕಿ ಉಳಿಯಲಿಲ್ಲ ಎಂಬ ಸುದ್ದಿ ಚಾಗುಮ್‌ಗೆ ಗೊತ್ತಾಗುತ್ತದೆ. ಗೊತ್ತಿದ್ದೂ ದೊಡ್ಡವರು ಹೇಳಲಿಲ್ಲವಲ್ಲ ಎಂದು ಅವನು ಸಿಡಿದೇಳುತ್ತಾನೆ. ಗಿರಣಿಮನೆಯಲ್ಲಿ ಅವರ ಜೊತೆ ಒಂದು ಕಾಲ ಕಳೆದವರಿಗೆ ಆ ಸಿಟ್ಟು ಮನೆಯೊಳಗಿನ ಸಿಟ್ಟಾಗಿ ಕೇಳುತ್ತದೆ. ಓಡಿಸಿಕೊಂಡು ಬಂದ ನಿನಗೆ ಅದು ಹುಡುಗನ ಹಟ ಅನ್ನಿಸಿರಬೇಕು.

ಎಂಟನೇ ಕಂತನ್ನಂತೂ ಬಿಡಬೇಡ. ಮುಕ್ಕಾದ ಈಟಿಯನ್ನು ಸರಿಮಾಡಿಸಲು ಬಾಲ್ಸಾ ಕತ್ತಿ ಮಾಡುವ ಕಮ್ಮಾರನ ಹತ್ತಿರ ಬಂದಿದ್ದಾಳೆ. ಅಷ್ಟರಲ್ಲಿ ಅವಳನ್ನು ಬೇಟೆಯಾಡಿದವರೇ ಬಾಗಿಲಿಗೆ ಬರುತ್ತಾರೆ. ಅವಳು ಒಳಗೆ, ಅವರು ಹೊರಗೆ, ನಡುವೆ ಮುದುಕ ಕಮ್ಮಾರ. ಹೆಚ್ಚುಕಡಿಮೆ ಇಡೀ ಕಂತು ಕೂತಲ್ಲೇ ನಡೆಯುವ ಮಾತು, ಆದರೆ ಮೂರನೇ ಕಂತಿಗಿಂತ ಹೆಚ್ಚು ಉಸಿರು ಬಿಗಿಹಿಡಿಸುವುದು ಇದೇ.

ಇನ್ನೊಂದು ಎಳೆ ಇದೆ, ಅದು ಎರಡನೇ ಸಲಕ್ಕೇ ಸರಿಯಾಗಿ ಕೈಗೆ ಸಿಗುವುದು. ಮೊದಲ ದೊರೆ ಟೊರ್ಗಾಲ್ ನೀರಿನ ಭೂತವನ್ನು ಕೊಂದು ಈ ರಾಜ್ಯ ಕಟ್ಟಿದ ಎಂಬುದು ಅರಮನೆಯ ಕಥೆ. ಅದನ್ನು ನಂಬಿದ್ದರಿಂದಲೇ ತಂದೆ ಮಗನ ಮೇಲೆ ಕೈ ಎತ್ತಿದ್ದು. ಆ ನೆಲದ ಮೂಲ ಜನರಾದ ಯಾಕೂಗಳ ನೆನಪಿನಲ್ಲಿ ಮಾತ್ರ ಅದು ಭೂತವಲ್ಲ, ಮಳೆ ತರುವ ಜೀವ. ಅದರ ಮೊಟ್ಟೆ ಸತ್ತರೆ ನಾಡಿಗೆ ಬರಗಾಲ. ಅರಮನೆಯಲ್ಲಿ ನಕ್ಷತ್ರ ನೋಡುವ ಪಂಡಿತ ಶುಗಾ ನೆಲಮಾಳಿಗೆಯ ಹಳೆಯ ಕಲ್ಲುಬರಹ ಓದುತ್ತಾ ತನ್ನ ರಾಜ್ಯದ ಇತಿಹಾಸವನ್ನೇ ತಿದ್ದಲಾಗಿದೆ ಎಂದು ಕಂಡುಕೊಳ್ಳುತ್ತಾನೆ. ಇತ್ತ ಯಾಕೂ ಹಳ್ಳಿಯಲ್ಲೂ ಕಥೆ ಪೂರ್ತಿ ಉಳಿದಿಲ್ಲ. ಒಂದಿಷ್ಟು ಹೆಣ್ಣುಮಗುವೊಂದರ ಬಾಯಲ್ಲಿದೆ, ಮತ್ತೊಂದಿಷ್ಟು ಹಬ್ಬಕ್ಕೆ ತೂಗುಹಾಕುವ ನಾಜಿ ಹಕ್ಕಿಯ ಮೂಳೆಯಲ್ಲಿದೆ. ಯಾಕೆ ತೂಗುಹಾಕುತ್ತೇವೆ ಎಂದು ಅವರಿಗೇ ಮರೆತಿದೆ. ಪಂಡಿತ ಶುಗಾ ಮತ್ತು ಯಾಕೂ ಮಾಟಗಾತಿ ತೊರೊಗಾಯ್ ಎದುರುಬದುರು ಕೂತು ತಮ್ಮ ತಮ್ಮ ತುಂಡು ಜೋಡಿಸಿದಾಗಷ್ಟೇ ಹುಡುಗ ಉಳಿಯುವ ದಾರಿ ಕಾಣುತ್ತದೆ. ಉಎಹಾಶಿ ಮಾನವಶಾಸ್ತ್ರ ಓದಿದವರು, ಆಸ್ಟ್ರೇಲಿಯಾದ ಮೂಲನಿವಾಸಿಗಳ ನಡುವೆ ಸಂಶೋಧನೆ ಮಾಡಿದವರು. ಗೆದ್ದವರು ಬರೆದಿಟ್ಟದ್ದು ಮತ್ತು ಸೋತವರು ಹಾಡಿಕೊಂಡು ಬಂದದ್ದು ಎಷ್ಟು ದೂರ ಇರುತ್ತವೆ ಎಂಬುದನ್ನು ಅವರು ಹತ್ತಿರದಿಂದ ಬಲ್ಲರು. 2014ರಲ್ಲಿ ಮಕ್ಕಳ ಸಾಹಿತ್ಯದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ ಅವರಿಗೆ ಬಂತು, ಬರಲೇಬೇಕಿತ್ತು.

ಎರಡನೇ ಸಲ ಎಲ್ಲವೂ ಮೇಲೇರಿತು ಎಂದು ತಿಳಿಯಬೇಡ. ಮೊಟ್ಟೆ ತಿನ್ನಲು ಬರುವ ರಾರುಂಗಾ ಜೊತೆಗಿನ ಕೊನೆಯ ಕಾಳಗ ಈಗಲೂ ನನಗೆ ಸಪ್ಪೆಯೇ. ಅಷ್ಟು ನಿಧಾನವಾಗಿ ಕಟ್ಟಿದ ಮೇಲೆ ಅಲ್ಲಿ ಅವಸರ ಕಾಣುತ್ತದೆ. ಈ ಲೋಕ, ಆ ಲೋಕ ಎಂದು ತೊರೊಗಾಯ್ ವಿವರಿಸುತ್ತಾ ಕೂರುವ ಕಡೆಗಳಲ್ಲಿ ಗೊತ್ತಿರುವುದನ್ನೇ ಮತ್ತೆ ಕೇಳಿದಂತಾಗುತ್ತದೆ. ಇದರಲ್ಲಿ ನಿನ್ನ ಆಕ್ಷೇಪ ನ್ಯಾಯವಾದದ್ದೇ.

ನಿನಗೆ ಹೇಳಬೇಕಾದ್ದು ಇಷ್ಟೇ. ನೋಡಿದ ರಾತ್ರಿಯೇ ಅಂಕ ಹಾಕುವ ಅಭ್ಯಾಸ ಬಿಡು. ಇನ್ನೂ ನೋಡಬೇಕಾದ್ದರ ಪಟ್ಟಿ ಉದ್ದವಿದೆ ಅನ್ನುತ್ತೀಯ, ಇರಲಿ, ಅದರಲ್ಲಿ ಎರಡು ಹೆಸರು ಹೊಡೆದುಹಾಕಿ ಆ ಸಮಯವನ್ನು ಇದಕ್ಕೆ ಕೊಡು. ಪರೀಕ್ಷೆ ಮುಗಿದ ಮೇಲೆ ದಿನಕ್ಕೆ ಒಂದೋ ಎರಡೋ ಕಂತು ನೋಡು, ಮಾಮೂಲಿ ವೇಗದಲ್ಲೇ ನೋಡು. ಜಪಾನಿ ಧ್ವನಿಯನ್ನೇ ಇಟ್ಟುಕೋ. ಕೆಂಜಿ ಕವಾಯ್ ಕೊಟ್ಟ ಸಂಗೀತವನ್ನು ಹೆಡ್‌ಫೋನಿನಲ್ಲಿ ಕೇಳು. ಆಮೇಲೆ ಕ್ಯಾಥಿ ಹಿರಾನೊ ಇಂಗ್ಲಿಷಿಗೆ ತಂದ ಕಾದಂಬರಿ ಓದು, ಗಿರಣಿಮನೆ ಇಲ್ಲದೆ ಇದೇ ಕಥೆ ಹೇಗೆ ನಿಲ್ಲುತ್ತದೆ ಎಂದು ತಿಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನನಗೆ ನಿನ್ನ ಅಭಿಪ್ರಾಯ ಬೇಕು. ಮಗನ ಸಾವಿಗೆ ಅಪ್ಪಣೆ ಕೊಟ್ಟ ಆ ಮಿಕಾಡೊ ಕೊನೆಗೆ, ಹಿರಿಯ ಮಗ ತೀರಿಹೋದ ಮೇಲೆ, ಅದೇ ಚಾಗುಮ್‌ನನ್ನು ಯುವರಾಜನಾಗಿ ಅರಮನೆಗೆ ಕರೆಸಿಕೊಳ್ಳುತ್ತಾನೆ. ಅವನ ಮುಖದಲ್ಲಿ ನಾನು ಏನನ್ನೂ ಓದಲಾರದೆ ಹೋದೆ. ಬರೆದವರು ಅವನನ್ನು ಪೂರ್ತಿ ಬರೆಯಲಿಲ್ಲವೋ, ಅಥವಾ ಪಶ್ಚಾತ್ತಾಪ ತೋರಿಸುವಂತಿಲ್ಲದ ಗಾದಿಯ ಮೇಲೆ ಕೂತವನು ಹಾಗೇ ಇರುತ್ತಾನೋ? ಚಾಗುಮ್ ಆ ತಂದೆಯ ಬಳಿಗೆ ವಾಪಸು ಹೋಗುವುದನ್ನು ನಾನು ಒಪ್ಪಬೇಕೋ ಬೇಡವೋ ಎಂಬುದು ಇದರ ಮೇಲೇ ನಿಂತಿದೆ. ನೋಡಿ, ನಿಧಾನವಾಗಿ ಬರೆ.

ಇತಿ,
ನಿನ್ನ ಅತ್ತೆ