ಇಳಿಜಾರು ಚಾವಣಿ: ಅಳತೆ ತಪ್ಪದಿರಲು ಏಳು ಸೂತ್ರಗಳು

ಹುಣಸಗಿ ಭಾಗದ ಹಳೆಯ ಮಾಳಿಗೆ ಮನೆಗಳಿಗೆ ಉದ್ದ, ಅಗಲ ಗುಣಿಸಿದರೆ ಚಾವಣಿ ಲೆಕ್ಕ ಮುಗಿಯುತ್ತಿತ್ತು. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಈ ಸೀಮೆಯಲ್ಲಿ ಈಗ ಗೋದಾಮಿಗೂ ಗಿರಣಿಗೂ ತಗಡಿನ ಶೆಡ್ ಬೇಕು. ಅದರ ಲೆಕ್ಕ ಬೇರೆ. ಆಟೋಕ್ಯಾಡ್, ಸ್ಕೆಚ್‌ಅಪ್ ಬಳಸುವ ಕಿರಿಯ ಎಂಜಿನಿಯರ್‌ಗಳೂ ಶೆಡ್ ಕಟ್ಟುವವರೂ ಇವನ್ನು ನೆನಪಿಡಿ.

1. ಮೊದಲು ಟೇಪು, ಆಮೇಲೆ ಮೌಸು. ನಾಲ್ಕೂ ಗೋಡೆ, ನೆತ್ತಿಯ ಎತ್ತರ, ಎರಡೂ ಕರ್ಣ ಅಳೆಯಿರಿ. ಆಯಾಕಾರದ ಶೆಡ್ಡಿನಲ್ಲಿ ಕರ್ಣಗಳು ಸಮ ಬಾರದಿದ್ದರೆ ಮೂಲೆ ಓರೆಯಾಗಿದೆ ಎಂದೇ ಅರ್ಥ.

2. ಗೆರೆ ಎಳೆಯುವ ಮುನ್ನ ಯೂನಿಟ್ ನೋಡಿ. ಮಿಸ್ತ್ರಿಯ ಅಳತೆ ಅಡಿಯಲ್ಲಿ, ನಕ್ಷೆ ಮಿಲಿಮೀಟರಿನಲ್ಲಿ ಇರಬಹುದು. 1 ಚದರ ಮೀಟರ್ ಎಂದರೆ 10.76 ಚದರ ಅಡಿ.

3. ಪ್ಲಾನ್ ನಂಬಿ ತಗಡು ತರಬೇಡಿ. ಅಲ್ಲಿ ಕಾಣುವುದು ಚಾವಣಿಯ ನೆರಳು ಮಾತ್ರ. 24 ಅಡಿ ಅಗಲ, 40 ಅಡಿ ಉದ್ದದ ಶೆಡ್ ಪ್ಲಾನ್‌ನಲ್ಲಿ 960 ಚದರ ಅಡಿ. ನಡುವಿನ ನೆತ್ತಿ ಗೋಡೆಗಿಂತ 5 ಅಡಿ ಮೇಲಿದ್ದರೆ 12ರ ವರ್ಗ, 5ರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ: ಪ್ರತಿ ಇಳಿಜಾರು 13 ಅಡಿ. ನಿಜವಾದ ವಿಸ್ತೀರ್ಣ 1040 ಚದರ ಅಡಿ.

4. ಪ್ರತಿ ಇಳಿಜಾರನ್ನೂ ಬೇರೆಯಾಗಿ ಅಳೆಯಿರಿ. ಸ್ಕೆಚ್‌ಅಪ್‌ನಲ್ಲಿ ಓರೆ ಮೈಯನ್ನು ಆರಿಸಿದರೆ ಎಂಟಿಟಿ ಇನ್ಫೋ ಅದರ ನಿಜ ವಿಸ್ತೀರ್ಣ ತೋರಿಸುತ್ತದೆ. ಆಟೋಕ್ಯಾಡ್‌ನಲ್ಲಿ ಯುಸಿಎಸ್ ಅನ್ನು ಆ ಮೈಗೆ ಹೊಂದಿಸಿ, ಅದೇ ಮೈಮೇಲೆ ಗಡಿ ಎಳೆದು ಏರಿಯಾ ಕೇಳಿ.

5. ಸೂರು ಮರೆಯಬೇಡಿ. ಇದೇ ಶೆಡ್ಡಿಗೆ ಪ್ರತಿ ಇಳಿಜಾರಿನ ಕೆಳತುದಿಯಲ್ಲೂ ಶೆಡ್ಡಿನ ಉದ್ದದ ಎರಡೂ ತುದಿಗಳಲ್ಲೂ 1 ಅಡಿ ಚಾಚು ಬಿಟ್ಟರೆ ಲೆಕ್ಕ 1176 ಚದರ ಅಡಿಗೆ ಏರುತ್ತದೆ.

6. ಚದರಡಿಯಲ್ಲಿ ಅಲ್ಲ, ಶೀಟಿನಲ್ಲಿ ಎಣಿಸಿ. ಒಂದರ ಮೇಲೊಂದು ಕೂರುವ ಅಂಚು ಕಳೆದು ಮುಚ್ಚುವ ಅಗಲ ಹಿಡಿಯಿರಿ. ಅದು 3 ಅಡಿಯಾದರೆ ಈ ಶೆಡ್ಡಿಗೆ 14 ಅಡಿ ಉದ್ದದ 28 ಶೀಟು. ನೆತ್ತಿಯ ಮುಚ್ಚಳ ಬೇರೆ.

7. ಮಳೆನೀರಿನ ಲೆಕ್ಕಕ್ಕೆ ಮಾತ್ರ ಪ್ಲಾನ್ ವಿಸ್ತೀರ್ಣವೇ ಸರಿ, ಸೂರು ಸೇರಿಸಿ. ಇಳಿಜಾರು ಹೆಚ್ಚಿಸಿದರೆ ನೀರು ಹೆಚ್ಚಾಗುವುದಿಲ್ಲ.

ಕೊನೆಯ ಮಾತು: ಆರ್ಡರ್ ಕೊಡುವ ಮುನ್ನ ಒಂದು ಇಳಿಜಾರನ್ನಾದರೂ ಕೈಯಲ್ಲಿ ಲೆಕ್ಕ ಹಾಕಿ, ಕಂಪ್ಯೂಟರಿನ ಅಂಕಿಗೆ ತಾಳೆ ನೋಡಿ. ಎರಡೂ ಕೂಡಿದರೆ ಮಾತ್ರ ಮುಂಗಡ ಕೊಡಿ.