ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತಿದೆಯಾ? ಬಿಗಿ ಮಾಡಬೇಡಿ, ಬಿಚ್ಚಿ ನೋಡಿ

ತೋಟದಲ್ಲಿ ಡ್ರಿಪ್ ಪೈಪ್ ಸೋರಿದರೆ ಓಡಿ ಹೋಗಿ ಸರಿ ಮಾಡ್ತೀವಿ. ಅಡುಗೆಮನೆ ನಲ್ಲಿ ಸೋರಿದರೆ ಮಾತ್ರ ಬಟ್ಟೆ ಕಟ್ಟಿ ತಿಂಗಳುಗಟ್ಟಲೆ ಸುಮ್ಮನಿರ್ತೀವಿ. ಎರಡೂ ಅದೇ ಬೋರ್‌ವೆಲ್ ನೀರು ತಾನೆ! ಇವತ್ತು ರಾತ್ರಿ ನಲ್ಲಿ ಕೆಳಗೆ ಪಾತ್ರೆ ಇಟ್ಟು ನೋಡಿ. 6 ಗಂಟೆಗೆ 1 ಲೀಟರ್ ತುಂಬಿದರೆ ತಿಂಗಳಿಗೆ 120 ಲೀಟರ್ ಆಯ್ತು.

ನಲ್ಲಿ ಬಾಯಿಂದ ಹನಿ ಬೀಳ್ತಿದ್ದರೆ ಸಾಮಾನ್ಯವಾಗಿ ಒಳಗಿನ ವಾಷರ್ ಸವೆದಿರುತ್ತದೆ. ಜೋರಾಗಿ ತಿರುಗಿಸಿದಷ್ಟೂ ಅದು ಇನ್ನೂ ಬೇಗ ಹಾಳಾಗುತ್ತದೆ. ತಿರುಗಿಸುವ ಹಿಡಿಯ ಬುಡದಲ್ಲಿ ಒಸರ್ತಿದ್ದರೆ ವಾಷರ್ ತಂಟೆ ಬೇಡ. ಅಲ್ಲಿನ ನಟ್ ಸ್ವಲ್ಪ ಬಿಗಿ ಮಾಡಿದರೆ ಎಷ್ಟೋ ಸಲ ನಿಲ್ಲುತ್ತದೆ.

ಮೊದಲು ಟ್ಯಾಂಕ್ ಕೆಳಗಿನ ಗೇಟ್ ವಾಲ್ವ್ ಬಂದ್ ಮಾಡಿ. ಹಳೇ ವಾಲ್ವ್ ಪೂರ್ತಿ ನಿಲ್ಲದಿದ್ದರೆ ಟ್ಯಾಂಕ್ ಖಾಲಿಯಾದಾಗ ಕೆಲಸಕ್ಕೆ ಇಳಿಯಿರಿ. ಮೋಟಾರ್‌ಗೆ ಆಟೋ ಸ್ಟಾರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ನಡುವೆ ಕರೆಂಟ್ ಬಂತು ಅಂದ್ರೆ ಅಡುಗೆಮನೆ ತುಂಬಾ ನೀರು, ಅಮ್ಮನ ಬೈಗುಳ ಬೇರೆ.

ಸಿಂಕ್ ತೂತಿಗೆ ಬಟ್ಟೆ ತುರುಕಿ, ಸ್ಕ್ರೂ ಬಿದ್ದು ಹೋಗಬಾರದು. ಹಿಡಿ ತೆಗೆದು, ಸ್ಪಿಂಡಲನ್ನು ಅರ್ಧ ಸುತ್ತು ತೆರೆದಿಟ್ಟು, ಆಮೇಲೆ ಅದರ ನಟ್ ಬಿಚ್ಚಿ. ಎಚ್ಚರಿಕೆ ಬೇಕಾದದ್ದು ಇಲ್ಲೇ: ಒಂದು ಸ್ಪ್ಯಾನರ್‌ನಲ್ಲಿ ನಟ್ ತಿರುಗಿಸುವಾಗ ಇನ್ನೊಂದರಿಂದ ನಲ್ಲಿಯನ್ನು ಅಲುಗದಂತೆ ಹಿಡಿಯಿರಿ. ನಲ್ಲಿ ತಿರುಗಿದರೆ ಗೋಡೆಯೊಳಗಿನ ಪ್ಲಾಸ್ಟಿಕ್ ಎಲ್ಬೋ ಸೀಳಬಹುದು. ಆಗ ಕೆಲವೇ ರೂಪಾಯಿಯ ವಾಷರ್ ಕೆಲಸ ಗೋಡೆ ಒಡೆಯುವ ಕೆಲಸ ಆಗುತ್ತದೆ. ನಟ್ ಜಗ್ಗದೇ ಇದ್ದರೆ ಬಲ ಹಾಕಬೇಡಿ, ಪ್ಲಂಬರ್‌ನ ಕರೆಯಿರಿ.

ಸ್ಪಿಂಡಲ್ ತುದಿಯ ವಾಷರ್ ಮೇಲೆ ಉಂಗುರದಂಥ ಗುರುತು ಬಿದ್ದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಅದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಫೋಟೋ ತೋರಿಸಿದರೆ ಅಳತೆ ಗೊತ್ತಾಗಲ್ಲ. ಹೊಸದು ಹಾಕುವ ಮುಂಚೆ ವಾಷರ್ ಕೂರುವ ಹಿತ್ತಾಳೆ ಅಂಚನ್ನು ಬೆರಳಿಂದ ಸವರಿ. ನಮ್ಮ ಕಡೆಯ ಗಡಸು ನೀರಿಗೆ ಅಲ್ಲಿ ಬಿಳಿ ಪದರ ಕಟ್ಟಿರುತ್ತದೆ; ಬಟ್ಟೆಗೆ ನಿಂಬೆರಸ ಹಚ್ಚಿ ಉಜ್ಜಿ, ತೊಳೆಯಿರಿ. ಅಂಚಿನಲ್ಲೇ ಗೀರು ಬಿದ್ದಿದ್ದರೆ ಹೊಸ ವಾಷರ್ ಕೂಡ ಸೋರುತ್ತದೆ. ನಾನಾದರೆ ನಲ್ಲಿಯನ್ನೇ ಬದಲಾಯಿಸ್ತೀನಿ.

ಕಾಲು ಸುತ್ತಿಗೆ ತೆರೆಯುವ ಹೊಸ ನಲ್ಲಿಗಳಲ್ಲಿ ಸಾಮಾನ್ಯವಾಗಿ ಈ ವಾಷರ್ ಇರಲ್ಲ, ಸೆರಾಮಿಕ್ ಬಿಲ್ಲೆಗಳ ಸ್ಪಿಂಡಲ್ ಇರುತ್ತೆ. ಅದನ್ನು ಇಡಿಯಾಗಿ ಬದಲಾಯಿಸಬೇಕು.

ಜೋಡಿಸಿದ ಮೇಲೆ ವಾಲ್ವ್ ನಿಧಾನಕ್ಕೆ ತೆರೆಯಿರಿ. ರಾತ್ರಿ ಮತ್ತೆ ಅದೇ ಪಾತ್ರೆ ಇಡಿ, ಬೆಳಿಗ್ಗೆ ಒಣಗಿರಬೇಕು.